ಸಿಲಬಸ್ಸಿಗೆ ಕಾಣದ ಪೇಟೆ

ನಮ್ಮ ಮಾರ್ಕೆಟಿಂಗ್ ಪತ್ರಿಕೆಯ ಕೊನೆಯ ಘಟಕಕ್ಕೆ ‘ಸಮಕಾಲೀನ ಸಮಸ್ಯೆಗಳು’ ಎಂದು ಹೆಸರು. ಸೆಮಿಸ್ಟರಿನ ತುದಿಗೆ, ಹಾಜರಾತಿ ಲೆಕ್ಕ ಹಾಕುವ ಗಡಿಬಿಡಿಯಲ್ಲಿ ಬರುವ ಈ ಘಟಕಕ್ಕೆ ಸಿಕ್ಕಿದ್ದು ಮೂರು ತರಗತಿ. ಹಸಿರು ಮಾರ್ಕೆಟಿಂಗ್, ಡಿಜಿಟಲ್ ಮಾರ್ಕೆಟಿಂಗ್, ಇನ್‌ಫ್ಲುಯೆನ್ಸರ್ ಮಾರ್ಕೆಟಿಂಗ್, ಗ್ರಾಮೀಣ ಮಾರ್ಕೆಟಿಂಗ್, ಜಾಹೀರಾತಿನ ನೈತಿಕತೆ. ಐದು ತಲೆಬರಹ, ಒಂದೊಂದಕ್ಕೆ ಒಂದು ವ್ಯಾಖ್ಯೆ, ನಾಲ್ಕು ಅನುಕೂಲ, ನಾಲ್ಕು ಅನಾನುಕೂಲ. ಪರೀಕ್ಷೆಯಲ್ಲಿ ಐದು ಅಂಕದ ಟಿಪ್ಪಣಿ. ಬರೆದವರಿಗೆಲ್ಲ ಅಂಕ ಬಂತು, ನನಗೂ ಬಂತು.

ಕಂಪ್ಲಿ ಕಡೆಯ ರೈತರ ಮನೆಯಿಂದ ಬಂದು ಹೊಸಪೇಟೆಯಲ್ಲಿ ಎಂ.ಕಾಂ. ಓದುವ ನನಗೆ ತಕರಾರಿರುವುದು ಸಮಯದ ಬಗ್ಗೆ ಅಲ್ಲ. ಮೂರರ ಬದಲು ಮೂವತ್ತು ತರಗತಿ ಕೊಟ್ಟಿದ್ದರೂ ಇದೇ ಪಾಠ ಹತ್ತು ಪಟ್ಟು ಉದ್ದವಾಗುತ್ತಿತ್ತು, ಅಷ್ಟೆ. ತಕರಾರು ಇರುವುದು ಆ ಪಾಠ ನಮ್ಮನ್ನು ಕೂರಿಸುವ ಕುರ್ಚಿಯ ಬಗ್ಗೆ. ಅದು ಯಾವಾಗಲೂ ಮಾರುವವನ ಕುರ್ಚಿ, ಅದರಲ್ಲೂ ದೊಡ್ಡದಾಗಿ ಮಾರುವವನದು. ಅವನಿಗೆ ತೊಂದರೆ ಕೊಡುವುದೆಲ್ಲ ‘ಸಮಸ್ಯೆ’. ಅವನಿಂದ ತೊಂದರೆಯಾಗುವುದು ‘ನೈತಿಕತೆ’ ಎಂಬ ತಲೆಬರಹದಡಿ ಎರಡು ಸಾಲು.

ಗ್ರಾಮೀಣ ಮಾರ್ಕೆಟಿಂಗಿನ ಟಿಪ್ಪಣಿಯನ್ನೇ ನೋಡಿ. ಸವಾಲುಗಳು: ಕೆಟ್ಟ ರಸ್ತೆ, ಕಡಿಮೆ ಸಾಕ್ಷರತೆ, ಕಡಿಮೆ ಮತ್ತು ಅನಿಶ್ಚಿತ ಆದಾಯ, ಹಲವು ಭಾಷೆಗಳು. ತರಗತಿಯಲ್ಲಿ ಕೂತವರಲ್ಲಿ ಮುಕ್ಕಾಲು ಪಾಲು ಹಳ್ಳಿಯವರೇ. ಬೆಳಗಿನ ಬಸ್ಸಿಗೆ ಬಂದು, ಸಂಜೆಯ ಬಸ್ಸಿಗೆ ಹಿಂದಿರುಗುವವರು. ತಲೆ ಬಗ್ಗಿಸಿ ಎಲ್ಲರೂ ಬರೆದುಕೊಂಡೆವು: ನಮ್ಮೂರ ರಸ್ತೆ ಒಂದು ಸವಾಲು, ನಮ್ಮವ್ವನ ಓದು ಒಂದು ಸವಾಲು, ನಮ್ಮಪ್ಪನ ಆದಾಯ ಒಂದು ಸವಾಲು, ನಾವಾಡುವ ಮಾತು ಒಂದು ಸವಾಲು. ಯಾರಿಗೆ ಸವಾಲು? ಸೋಪು, ಶಾಂಪೂ, ಬಿಸ್ಕತ್ತು ಹೊತ್ತು ತರುವವರಿಗೆ. ಹಳ್ಳಿ ಕೊಳ್ಳುವುದಷ್ಟೇ ಅಲ್ಲ, ಮಾರುತ್ತದೆ ಕೂಡ. ಭತ್ತ ಮಾರುತ್ತದೆ, ಬಾಳೆ ಮಾರುತ್ತದೆ, ಕಸೂತಿ ಮಾರುತ್ತದೆ, ಗುಡ್ಡವನ್ನೇ ಮಾರುತ್ತದೆ. ಹಾಗೆ ಮಾರುವ ಹಳ್ಳಿಗೆ ಪೇಟೆಯಿಂದ ಏನು ಸವಾಲು ಎಂಬ ಪ್ರಶ್ನೆಗೆ ಆ ಘಟಕದಲ್ಲಿ ಒಂದು ಸಾಲೂ ಇರಲಿಲ್ಲ.

ಇದು ನಡೆಯುವುದು ಹೆಸರಲ್ಲೇ ಪೇಟೆಯನ್ನು ಇಟ್ಟುಕೊಂಡ ಊರಿನಲ್ಲಿ. ಹನ್ನೆರಡು ಕಿಲೋಮೀಟರಿನಾಚೆ ಹಂಪಿ. ಅಲ್ಲಿ ವಿರೂಪಾಕ್ಷ ಬಜಾರು, ಕೃಷ್ಣ ಬಜಾರು, ಪಾನ್ ಸುಪಾರಿ ಬಜಾರು ಎಂದು ಬೀದಿಗಳಿಗೇ ಬಜಾರಿನ ಹೆಸರು. ಪುಸ್ತಕದಲ್ಲಿ ಮಾತ್ರ ಉದಾಹರಣೆಗಳು ಅಮೆರಿಕದ ಕಾಫಿ ಅಂಗಡಿಯವು, ಬೂಟಿನ ಕಂಪನಿಯವು. ಹೊರಗಿನದನ್ನು ಓದಬಾರದು ಎಂದಲ್ಲ. ಆದರೆ ಮೆಕಾರ್ಥಿ 1960ರಲ್ಲಿ ಕೊಟ್ಟ ನಾಲ್ಕು ‘ಪಿ’ಗಳನ್ನು, ಎಂದರೆ ಸರಕು, ಬೆಲೆ, ಸ್ಥಳ, ಪ್ರಚಾರಗಳನ್ನು, ಇಷ್ಟು ವರ್ಷ ಬಾಯಿಪಾಠ ಮಾಡಿಸುವವರು ಅವನ್ನು ಒಮ್ಮೆಯಾದರೂ ನಮ್ಮ ಸುತ್ತಲ ಸೀಮೆಗೆ ಹಿಡಿದು ನೋಡಬೇಕಿತ್ತು. ಯಾರೂ ನೋಡದ ಕಾರಣ ನಾನೇ ಹಿಡಿದು ನೋಡುತ್ತೇನೆ.

ಮೊದಲು ಕಂಪ್ಲಿಯ ಭತ್ತ. ತುಂಗಭದ್ರೆಯ ನೀರು ಹರಿಯುವ ಈ ಸೀಮೆಯಲ್ಲಿ ಭತ್ತದ ಬೆಂಬಲ ಬೆಲೆಯನ್ನು ಸರ್ಕಾರ ಕ್ವಿಂಟಲ್ ಲೆಕ್ಕದಲ್ಲಿ ಹೇಳುತ್ತದೆ. 2025-26ಕ್ಕೆ ಸಾಮಾನ್ಯ ಭತ್ತಕ್ಕೆ 2369 ರೂಪಾಯಿ. ಕಣದಲ್ಲಿ ವ್ಯಾಪಾರಿ ಮಾತಾಡುವುದು 75 ಕೆ.ಜಿ. ಚೀಲದ ಲೆಕ್ಕದಲ್ಲಿ. ಬೆಂಬಲ ಬೆಲೆಯನ್ನು ಚೀಲಕ್ಕೆ ಇಳಿಸಿದರೆ 1776 ರೂಪಾಯಿ 75 ಪೈಸೆ. ಈ ಗುಣಾಕಾರ ಕಷ್ಟದ್ದೇನಲ್ಲ. ಆದರೆ ಟಿವಿಯಲ್ಲಿ ಕೇಳಿದ ಸಂಖ್ಯೆಗೂ ಕಣದಲ್ಲಿ ಕೇಳುವ ಸಂಖ್ಯೆಗೂ ಹೋಲಿಕೆಯೇ ಸಿಗದಿದ್ದಾಗ ಚೌಕಾಸಿ ಶುರುವಾಗುವ ಮೊದಲೇ ರೈತ ಅರ್ಧ ಸೋತಿರುತ್ತಾನೆ. ಅದರ ಮೇಲೆ ತೇವಾಂಶದ ಕಡಿತ, ಹಮಾಲಿ, ಬೀಜ ಗೊಬ್ಬರಕ್ಕೆ ತಂದ ಮುಂಗಡದ ಹಂಗು. ನಮ್ಮಪ್ಪ ಇದನ್ನು ಒಂದೇ ಮಾತಲ್ಲಿ ಹೇಳುತ್ತಾನೆ: “ಅವರು ಹೇಳಿದ್ದು ರೇಟು, ನಾವು ಹೇಳಿದ್ದು ಬರೇ ಮಾತವ್ವ.” ‘ಬೆಲೆ ನಿರ್ಧಾರದ ವಿಧಾನಗಳು’ ಎಂಬ ಅಧ್ಯಾಯದಲ್ಲಿ ನಾನು ಏಳು ವಿಧಾನ ಕಲಿತೆ. ಏಳೂ ಬೆಲೆಯನ್ನು ತಾನೇ ಇಡಬಲ್ಲವನಿಗೆ. ಇಟ್ಟ ಬೆಲೆಗೆ ಕೊಡಬೇಕಾದವನ ವಿಧಾನ ಯಾವುದು, ಪುಸ್ತಕ ಹೇಳುವುದಿಲ್ಲ.

ಅದೇ ಭತ್ತ ಮಿಲ್ಲು ದಾಟಿ ಅಕ್ಕಿಯಾಗಿ ನಮ್ಮೂರ ಅಂಗಡಿಗೆ ವಾಪಸು ಬರುತ್ತದೆ. ಹೊಲದಲ್ಲಿ ಅದಕ್ಕೆ ಬಿಪಿಟಿ, ಆರ್‌ಎನ್‌ಆರ್ ಎಂಬ ಅಕ್ಷರಗಳ ಹೆಸರು. ಚೀಲದ ಮೇಲೆ ದೇವರ ಚಿತ್ರ, ಚಿನ್ನದ ಬಣ್ಣ, ಸೋನಾ ಮಸೂರಿ ಎಂಬ ಸಿರಿವಂತ ಹೆಸರು. ಆರ್‌ಎನ್‌ಆರ್ ಆದರೆ ಇತ್ತೀಚೆಗೆ ‘ಶುಗರ್ ಇದ್ದವರ ಅಕ್ಕಿ’ ಎಂಬ ಬಿರುದು ಬೇರೆ. ತೂಕ 26 ಕೆ.ಜಿ. ಇಪ್ಪತ್ತಾರೇ ಏಕೆ ಎಂದು ತರಗತಿಯಲ್ಲಿ ಕೇಳಿದರೆ ಉತ್ತರ ಬರಲಿಲ್ಲ. ಊರ ಕಿರಾಣಿ ಅಂಗಡಿಯಣ್ಣ ಹೇಳಿದ. 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟು 25 ಕೆ.ಜಿ.ಯ ಒಳಗಿದ್ದರೆ ಶೇ 5ರಷ್ಟು ಜಿಎಸ್‌ಟಿ. ದಾಟಿದರೆ ಇಲ್ಲ. ಹಾಗಾಗಿ ಚೀಲ ಒಂದು ಕಿಲೋ ದಪ್ಪಗಾಯಿತು. 25ರ ಚೀಲವನ್ನೇ ಒಮ್ಮೆಗೆ ತರಲು ಕಷ್ಟಪಡುವ, ಐದೈದು ಕಿಲೋ ಕೊಳ್ಳುವ ಕೂಲಿಯವರಿಗೆ ತೆರಿಗೆ. ದೊಡ್ಡ ಚೀಲ ಕೊಳ್ಳಬಲ್ಲವರಿಗೆ ವಿನಾಯಿತಿ. ಪ್ಯಾಕೇಜಿಂಗ್ ಎಂದರೆ ‘ಮೌನ ಮಾರಾಟಗಾರ’ ಎಂದು ನಮಗೆ ಬರೆಸಿದ್ದರು. ಈ ಚೀಲದಷ್ಟು ಮಾತಾಡುವ ಪ್ಯಾಕೇಜನ್ನು ನಾನು ಬೇರೆಲ್ಲೂ ನೋಡಿಲ್ಲ. ಸರ್ಕಾರದ ನೀತಿ, ಮಿಲ್ಲಿನವರ ಜಾಣತನ, ಬಡವನ ಜೇಬು ಮೂರನ್ನೂ ಅದೊಂದೇ ಹೇಳುತ್ತದೆ.

ಇನ್ನು ಸಂಡೂರು. ಬೆಲೆಯ ಪಾಠಕ್ಕೆ ಇದಕ್ಕಿಂತ ದೊಡ್ಡ ಪಾಠಶಾಲೆ ದೇಶದಲ್ಲಿ ಕಡಿಮೆ. ಚೀನಾ ಅದಿರಿಗೆ ಬಾಯ್ತೆರೆದ ಈ ಶತಮಾನದ ಮೊದಲ ದಶಕದಲ್ಲಿ ಇಲ್ಲಿನ ಗುಡ್ಡಗಳು ಲಾರಿ ಹತ್ತಿ ಬಂದರಿಗೆ ಹೋದವು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಅದಿರನ್ನು ಇ-ಹರಾಜಿನಲ್ಲೇ ಮಾರಬೇಕು, ಹೊರದೇಶಕ್ಕೆ ಕಳಿಸುವಂತಿಲ್ಲ ಎಂಬ ಕಟ್ಟು ಬಂತು. ಅದು ಸಡಿಲವಾದದ್ದು 2022ರ ಮೇ ತಿಂಗಳಲ್ಲಿ. ಸುಮಾರು ಹನ್ನೊಂದು ವರ್ಷ ಒಂದು ಸರಕನ್ನು ಎಲ್ಲಿ ಮಾರಬೇಕು, ಹೇಗೆ ಮಾರಬೇಕು, ಯಾರಿಗೆ ಮಾರಬಾರದು ಎಂಬುದನ್ನು ನ್ಯಾಯಾಲಯ ನಿರ್ಧರಿಸಿತು. ಮಾರುಕಟ್ಟೆ ತಾನೇ ತನ್ನನ್ನು ತಿದ್ದಿಕೊಳ್ಳುತ್ತದೆ ಎಂದು ಓದುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಪತ್ರಿಕೆ ಬೇಕೆ? ಅದು ತಿದ್ದಿಕೊಳ್ಳಲಿಲ್ಲ. ತಿದ್ದಬೇಕಾಯಿತು. ಜಾಗತಿಕ ಪೇಟೆಯಲ್ಲಿ ಅದಿರಿಗೆ ಊರಿನ ಹೆಸರಿಲ್ಲ, ಕಬ್ಬಿಣದ ಅಂಶ ಶೇಕಡಾ ಇಷ್ಟು ಎಂಬ ಅಂಕಿಯಿದೆ. ಗುಡ್ಡದ ಸೀತಾಫಲದ ಗಿಡ, ಹಳ್ಳದ ನೀರು, ಎಲೆಗಳ ಮೇಲೆ ಕೂತ ಕೆಂಪು ಧೂಳು ಯಾವುದೂ ಆ ಅಂಕಿಯೊಳಗೆ ಬರುವುದಿಲ್ಲ. ಹಸಿರು ಮಾರ್ಕೆಟಿಂಗಿನ ವ್ಯಾಖ್ಯೆಯನ್ನು ನಾವು ಈ ಗುಡ್ಡಗಳಿಂದ ಒಂದು ಗಂಟೆಯ ದಾರಿಯಲ್ಲಿ ಕೂತು ಕಲಿತೆವು. ಉದಾಹರಣೆ ಕೊಟ್ಟಿದ್ದು ಕಾಗದದ ಸ್ಟ್ರಾ.

ಸಂಡೂರಿನಿಂದಲೇ ಇನ್ನೊಂದು ಸರಕು ಬರುತ್ತದೆ, ಲಂಬಾಣಿ ಕಸೂತಿ. ಕನ್ನಡಿ ಚೂರು, ಕವಡೆ, ಬಣ್ಣದ ತುಂಡು ಬಟ್ಟೆ ಸೇರಿಸಿ ಹೆಂಗಸರು ತಮಗಾಗಿ ಪೇಟಿಯಾ, ಕಾಂಚಳಿ ಹೊಲಿದುಕೊಳ್ಳುತ್ತಿದ್ದ ಕೈಕೆಲಸ ಈಗ ಚೀಲ, ಕುಶನ್ ಕವರು, ಜಾಕೀಟು ಆಗಿದೆ. 2010ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ, ನಾವೆಲ್ಲ ಜಿಐ ಟ್ಯಾಗ್ ಎನ್ನುವುದು, ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20ರ ಸಂಸ್ಕೃತಿ ಕಾರ್ಯಗುಂಪಿನ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಒಳ್ಳೆಯದೇ ಆಯಿತು. ಸಂಡೂರಿನ ಕುಶಲ ಕಲಾ ಕೇಂದ್ರದಂಥ ಸಂಸ್ಥೆ ದಶಕಗಳ ಕಾಲ ಈ ಕೆಲಸವನ್ನು ಹಿಡಿದಿಟ್ಟುಕೊಳ್ಳದಿದ್ದರೆ ದಾಖಲೆಯ ಮಾತಿರಲಿ, ಕಸೂತಿಯೇ ಉಳಿಯುತ್ತಿತ್ತೋ ಇಲ್ಲವೋ.

ಆದರೆ ಮಾರ್ಕೆಟಿಂಗ್ ಓದುವವಳಾಗಿ ನಾನು ಕೇಳಬೇಕಾದ್ದು ಬೇರೆ. ಜಿಐ ಕಾಯ್ದೆ 1999ರದು. ಅದು ಕಾಯುವುದು ಹೆಸರನ್ನು. ಬೇರೆ ಊರಿನವರು ಯಂತ್ರದಲ್ಲಿ ಹೊಲಿದು ‘ಸಂಡೂರು ಲಂಬಾಣಿ ಕಸೂತಿ’ ಎಂದು ಮಾರಬಾರದು, ಅಷ್ಟೆ. ಹೊಲಿದವಳಿಗೆ ಇಂತಿಷ್ಟು ಕೂಲಿ ಸಿಗಬೇಕು ಎಂದು ಅದು ಹೇಳುವುದಿಲ್ಲ. ಟ್ಯಾಗ್ ನೋಂದಾಯಿಸಿಕೊಂಡ ಸಂಸ್ಥೆ ಒಂದು. ಅದನ್ನು ಬಳಸಬೇಕಾದ ಕುಶಲಕರ್ಮಿ ‘ಅಧಿಕೃತ ಬಳಕೆದಾರ’ ಎಂದು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಹತ್ತು ವರ್ಷಕ್ಕೊಮ್ಮೆ ನವೀಕರಣ. ತಾಂಡಾದ ಎಷ್ಟು ಹೆಂಗಸರಿಗೆ ಈ ಅರ್ಜಿಯ ಸುದ್ದಿ ಮುಟ್ಟುತ್ತದೆ? ನನ್ನ ಗೆಳತಿಯೊಬ್ಬಳು ಸಂಡೂರು ಕಡೆಯ ತಾಂಡಾದವಳು. ಅವಳ ಯಾಡಿ ಮನೆಯಲ್ಲೇ ಕೂತು ತುಂಡಿನ ಲೆಕ್ಕದಲ್ಲಿ ಮಧ್ಯವರ್ತಿಯೊಬ್ಬನಿಗೆ ಹೊಲಿದು ಕೊಡುತ್ತಾರೆ. ನಗರದ ಯಾವುದೋ ಮಳಿಗೆಯ ಕ್ಯಾಟಲಾಗನ್ನು ಗೆಳತಿ ಫೋನಿನಲ್ಲಿ ತೋರಿಸಿದಳು. ಸೂಜಿ ಹಿಡಿದ ಎರಡು ಕೈಗಳ ಚಿತ್ರ, ಬಳೆಗಳ ಸಮೇತ. ಕೆಳಗೆ ಇಂಗ್ಲಿಷಿನಲ್ಲಿ ಪರಂಪರೆ, ಪ್ರೀತಿ, ಕೈಮಗ್ಗ ಎಂದೆಲ್ಲ. ಯಾಡಿ ನೋಡಿ, “ಮುಖ ಎಲ್ಲೈತಿ ಈಕಿದು?” ಎಂದರು.

ಆ ಪ್ರಶ್ನೆಯನ್ನು ನನ್ನ ಪ್ರಾಜೆಕ್ಟ್ ಮಾಡಿಕೊಳ್ಳುತ್ತೇನೆಂದು ಕೇಳಿಕೊಂಡೆ. ಕೂಲಿ ಎಷ್ಟು, ಮಳಿಗೆಯ ಬೆಲೆ ಎಷ್ಟು, ನಡುವೆ ಎಷ್ಟು ಕೈ, ಒಂದು ಚೀಲಕ್ಕೆ ಎಷ್ಟು ದಿನ ಎಂಬ ಲೆಕ್ಕ. ಅದು ಸಮಾಜಶಾಸ್ತ್ರದ ವಿಷಯವಾಯಿತು, ವಾಣಿಜ್ಯದ್ದಲ್ಲ ಎಂಬ ಉತ್ತರ ಬಂತು. ಬದಲಿಗೆ ಸಿಕ್ಕಿದ್ದು ‘ಹೊಸಪೇಟೆ ನಗರದಲ್ಲಿ ಇಂಥ ಬ್ರಾಂಡಿನ ಮೊಬೈಲ್ ಕುರಿತು ಗ್ರಾಹಕರ ತೃಪ್ತಿ’. ನೂರು ಜನರಿಗೆ ಪ್ರಶ್ನಾವಳಿ ಹಂಚಿ ಪೈ ಚಾರ್ಟು ಬಿಡಿಸುವುದು. ನಮ್ಮ ಗ್ರಂಥಾಲಯದ ಕಪಾಟಿನಲ್ಲಿ ಇದೇ ಶೀರ್ಷಿಕೆಯ, ಬ್ರಾಂಡಷ್ಟೇ ಬದಲಾದ ವರದಿಗಳು ಸಾಲಾಗಿ ನಿಂತಿವೆ. ಒಂದಾದರೂ ಕಂಪನಿಯವರು ಬಂದು ಓದಿದ್ದಾರೆಯೇ? ಪುಕ್ಕಟೆ ಸಮೀಕ್ಷೆಯೂ ಅಲ್ಲದ, ಜ್ಞಾನವೂ ಅಲ್ಲದ ಈ ರಾಶಿಯನ್ನು ನಾವು ಸಂಶೋಧನೆ ಎನ್ನುತ್ತೇವೆ.

ಯಾಡಿಯ ಪ್ರಶ್ನೆ ತಾಂಡಾಕ್ಕಷ್ಟೇ ಸೀಮಿತವಾದದ್ದೂ ಅಲ್ಲ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಕೊಲ್ಹಾಪುರಿ ಚಪ್ಪಲಿಯಂಥದ್ದನ್ನೇ ಹೆಸರು ಹೇಳದೆ ತೋರಿಸಿ, ಗದ್ದಲವಾದ ಮೇಲೆ ಮೂಲವನ್ನು ಒಪ್ಪಿಕೊಂಡಿತು. ಆ ಚಪ್ಪಲಿಯ ಜಿಐ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸೇರಿದ್ದು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡಗಳ ಚಮ್ಮಾರರಿಗೂ ಅದರಲ್ಲಿ ಪಾಲಿದೆ. ಗದ್ದಲದುದ್ದಕ್ಕೂ ಕೇಳಿದ್ದು ಕೊಲ್ಹಾಪುರದ ಹೆಸರು. ಅಥಣಿಯ ಹೆಸರು ಎಷ್ಟು ಜನರ ಬಾಯಿಗೆ ಬಂತು? ಪ್ರಾಡಾ ಅಥಣಿಯ ಹೆಸರು ಬಿಟ್ಟದ್ದಕ್ಕೆ ಸಿಟ್ಟಾಗುವ ನಾವು, ನಮ್ಮದೇ ಮಳಿಗೆಗಳು ತಾಂಡಾದ ಮುಖ ಕತ್ತರಿಸಿ ಕೈಯಷ್ಟನ್ನೇ ಛಾಪಿಸುವಾಗ ಸುಮ್ಮನಿರುತ್ತೇವೆ.

ಹಂಪಿಗೆ ಬರೋಣ. ನಮ್ಮ ಸೀಮೆಯ ಅತಿ ದೊಡ್ಡ ಬ್ರಾಂಡು ಅದೇ. 1986ರಿಂದ ವಿಶ್ವ ಪರಂಪರೆಯ ತಾಣ, 2017ರಿಂದ ಐವತ್ತು ರೂಪಾಯಿ ನೋಟಿನ ಬೆನ್ನ ಮೇಲೆ ಕಲ್ಲಿನ ರಥ, 2019ರಲ್ಲಿ ನ್ಯೂಯಾರ್ಕ್ ಟೈಮ್ಸಿನ ನೋಡಲೇಬೇಕಾದ 52 ಜಾಗಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನ. ಈ ಬ್ರಾಂಡಿನ ಒಡಲಲ್ಲಿ ಒಂದು ವಿಚಿತ್ರವಿದೆ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 1520ರ ಆಸುಪಾಸಿನಲ್ಲಿ ಇಲ್ಲಿನ ಬೀದಿಗಳನ್ನು ಕಂಡು ಬರೆದಾಗ ಮಾಣಿಕ್ಯ, ವಜ್ರ, ಮುತ್ತುಗಳ ಜೊತೆಗೇ ಸಂಜೆಯ ಸಂತೆಯಲ್ಲಿ ಮಾರುವ ನಿಂಬೆ, ಕಿತ್ತಳೆ, ದ್ರಾಕ್ಷಿ, ಕಟ್ಟಿಗೆಯನ್ನೂ ಬರೆದ. ನಾವು ಮುತ್ತುರತ್ನವನ್ನಷ್ಟೇ ಇಟ್ಟುಕೊಂಡೆವು. ಗೈಡುಗಳಿಂದ ಹಿಡಿದು ಸರ್ಕಾರಿ ಕರಪತ್ರದವರೆಗೆ ಎಲ್ಲರೂ ಬೀದಿಯಲ್ಲಿ ಸೇರಿನಿಂದ ರತ್ನ ಅಳೆದ ಕತೆಯನ್ನೇ ಹೇಳುತ್ತಾರೆ. ಕಟ್ಟಿಗೆ ಮಾರಿದವಳನ್ನು, ನಿಂಬೆಹಣ್ಣಿನವನನ್ನು ಕೈಬಿಟ್ಟ ಈ ಕತೆ ನಮ್ಮ ಜಿಲ್ಲೆಯ ಅತ್ಯಂತ ಯಶಸ್ವಿ ಜಾಹೀರಾತು.

ಕತೆಯಲ್ಲಿ ಕೈಬಿಟ್ಟವರನ್ನು ನೆಲದಿಂದಲೂ ಬಿಡಿಸಿದೆವು. 2011ರ ಜುಲೈನಲ್ಲಿ, ಅದಿರಿಗೆ ತಡೆ ಬಿದ್ದ ಅದೇ ತಿಂಗಳಲ್ಲಿ, ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು ಯಂತ್ರ ತಂದು ತೆರವು ಮಾಡಲಾಯಿತು. 2020ರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ನಂತರ ನದಿಯಾಚೆಯ ವಿರುಪಾಪುರ ಗಡ್ಡೆಯ ಹೋಟೆಲುಗಳು ನೆಲಸಮವಾದವು. ಎರಡೂ ಒಂದೇ ಬಗೆಯವಲ್ಲ. ಸ್ಮಾರಕವನ್ನು ಕಾಯಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಐದುನೂರು ವರ್ಷದ ಕಂಬಕ್ಕೆ ಇಟ್ಟಿಗೆ ಗೋಡೆ ಕಟ್ಟಿ ಅಡುಗೆ ಹೊಗೆ ಹಚ್ಚುವುದು ತಪ್ಪೇ. ಆದರೆ ಆ ಬೀದಿ ಹುಟ್ಟಿದ್ದೇ ಮಾರಲಿಕ್ಕೆ. ಮಾರುವವರಿಲ್ಲದ ಬಜಾರನ್ನು ಬಜಾರು ಎಂದು ಮಾರುತ್ತಿದ್ದೇವೆ. ಖಾಲಿ ಬೀದಿಯ ಫೋಟೊ ಚೆನ್ನಾಗಿ ಬರುತ್ತದೆ, ಟಿಕೆಟು ಮಾರಾಟವಾಗುತ್ತದೆ. ಸ್ಥಳವೇ ಸರಕಾದಾಗ ಆ ಸ್ಥಳದಲ್ಲಿ ಬದುಕಿದವರು ಏನಾಗುತ್ತಾರೆ ಎಂಬುದು ಜಗತ್ತಿನ ಎಲ್ಲ ಪ್ರವಾಸಿ ಊರುಗಳ ಇವತ್ತಿನ ಪ್ರಶ್ನೆ. ವೆನಿಸ್ಸಿನಲ್ಲಿ ಅದನ್ನು ಬೀದಿಗಿಳಿದು ಕೇಳುತ್ತಾರೆ. ನಾವು ಅದರ ಪಕ್ಕದಲ್ಲೇ ಕೂತು ‘ಡೆಸ್ಟಿನೇಷನ್ ಬ್ರಾಂಡಿಂಗಿನ ಅನುಕೂಲಗಳು’ ಬರೆಯುತ್ತೇವೆ.

ಇಷ್ಟೆಲ್ಲ ಓದಿ ಸಾಹಿತ್ಯದ ಗೆಳೆಯರು ತಲೆದೂಗುತ್ತಿರಬಹುದು. ಅವರೊಂದಿಗೂ ನನಗೆ ಜಗಳವಿದೆ. ನಮ್ಮ ಸಾಹಿತ್ಯದ ಸಭೆಗಳಲ್ಲಿ ‘ಮಾರುಕಟ್ಟೆ ಸಂಸ್ಕೃತಿ’ ಎಂಬುದು ಒಂದು ಬೈಗುಳ. ಕಲೆ ಮಾರುಕಟ್ಟೆಗೆ ಇಳಿಯಬಾರದು, ಜಾನಪದ ಸರಕಾಗಬಾರದು, ಜಾಹೀರಾತು ಸುಳ್ಳಿನ ಕಾವ್ಯ, ಚಪ್ಪಾಳೆ. ಮಾತು ಕೇಳಲು ಚೆಂದ. ಆದರೆ ಸಂಡೂರಿನ ತಾಂಡಾದಲ್ಲಿ ಕಸೂತಿ ಸರಕಾಗದಿದ್ದರೆ ಉಳಿಯುವ ದಾರಿ ಯಾವುದು? ಮನೆಗೆ ಬೀಗ ಹಾಕಿ, ಮಕ್ಕಳನ್ನು ಶಾಲೆ ಬಿಡಿಸಿ ಕಬ್ಬು ಕಡಿಯಲು ದೂರದ ಊರಿಗೆ ಗುಳೆ ಹೋಗುವುದು. ಯಾಡಿಗೆ ಪೇಟೆ ಬೇಕು. ಆಕೆ ಕೇಳಿದ್ದು ‘ನನ್ನ ಕಸೂತಿಯನ್ನು ಮಾರಬೇಡಿ’ ಎಂದಲ್ಲ, ‘ನನ್ನ ಮುಖ ಎಲ್ಲಿ’ ಎಂದು. ನಮ್ಮಪ್ಪನಿಗೂ ಪೇಟೆ ಬೇಕು. ಅದರಲ್ಲಿ ತನ್ನ ಮಾತೂ ರೇಟಾಗಬೇಕು. ಮಾರುಕಟ್ಟೆಯನ್ನು ದೂರದಿಂದ ಶಪಿಸುವವರಿಗೆ ಸಂಬಳವೋ ಪಿಂಚಣಿಯೋ ತಿಂಗಳಿಗೊಮ್ಮೆ ಖಾತೆಗೆ ಬರುತ್ತದೆ. ದಿನಾ ಅಲ್ಲಿ ನಿಲ್ಲಬೇಕಾದವರಿಗೆ ಶಾಪದಿಂದ ಉಪಯೋಗವಿಲ್ಲ, ಲೆಕ್ಕದಿಂದ ಇದೆ. ಮೂಗು ಮುರಿದು ದೂರ ನಿಂತವರು ಕೊನೆಗೆ ಮಾಡಿದ್ದು ಒಂದೇ ಕೆಲಸ: ಮಾರ್ಕೆಟಿಂಗ್ ಎಂಬ ವಿದ್ಯೆಯನ್ನು ಪೂರ್ತಿಯಾಗಿ ದೊಡ್ಡ ಮಾರಾಟಗಾರರ ಕೈಗೆ ಬಿಟ್ಟುಕೊಟ್ಟದ್ದು.

ಇದರಲ್ಲಿ ಭಾಷೆಯದೂ ದೊಡ್ಡ ಪಾಲಿದೆ, ಅದು ಸಾಹಿತ್ಯದವರ ಕೆಲಸವೇ. ಇತ್ತೀಚಿನ ವರ್ಷಗಳಲ್ಲಿ ಗ್ರಾಹಕರ ಪರವಾಗಿ ಒಳ್ಳೆಯ ನಿಯಮಗಳು ಬಂದಿವೆ. ಸುಳ್ಳು ಜಾಹೀರಾತಿನಲ್ಲಿ ನಟಿಸಿದವರಿಗೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಹತ್ತು ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ ಐವತ್ತು ಲಕ್ಷದವರೆಗೆ ದಂಡ ಹಾಕಬಹುದು. 2022ರ ಮಾರ್ಗಸೂಚಿ ಒಂದು ಸರಕಿನ ನೆಪದಲ್ಲಿ ನಿಷೇಧಿತ ಸರಕನ್ನು ತೋರಿಸುವ ಬದಲಿ ಜಾಹೀರಾತಿಗೆ ತಡೆ ಹಾಕಿತು. 2023ರ ನವೆಂಬರಿನಲ್ಲಿ ಆ್ಯಪುಗಳು ನಮ್ಮನ್ನು ಸಿಕ್ಕಿಸುವ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿ ನಿಷೇಧಿಸಿದರು. 2024ರ ಅಕ್ಟೋಬರಿನಲ್ಲಿ ಪರಿಸರದ ಹೆಸರಿನ ಪೊಳ್ಳು ಹೇಳಿಕೆಗಳ ವಿರುದ್ಧ ಮಾರ್ಗಸೂಚಿ ಬಂತು. ನಾವು ಆ ಹದಿಮೂರು ಹೆಸರನ್ನೂ ಇಂಗ್ಲಿಷಿನಲ್ಲಿ ಉರು ಹೊಡೆದೆವು.

ಅದೇ ವಾರ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಕ್ಕ ಫೋನು ಕೊಟ್ಟು, “ತಿಂಗಳಾ ತಿಂಗಳಾ ನೂರು ರೂಪಾಯಿ ಕಟ್ ಆಗಾಕತ್ತೈತಿ, ಯಾಕ ನೋಡವ್ವ” ಎಂದರು. ಯಾವುದೋ ಸಿನಿಮಾ ಆ್ಯಪು ಒಂದು ರೂಪಾಯಿಗೆ ಮೂರು ದಿನ ಎಂದು ಒತ್ತಿಸಿಕೊಂಡಿತ್ತು. ಸೇರುವ ಗುಂಡಿ ದೊಡ್ಡದು, ಕನ್ನಡದಲ್ಲಿ. ಬಿಡುವ ಗುಂಡಿ ನಾಲ್ಕು ಪುಟದಾಚೆ, ಇಂಗ್ಲಿಷಿನಲ್ಲಿ, ತಿಳಿಬೂದು ಬಣ್ಣದಲ್ಲಿ. ಮಾರುವಾಗ ಕನ್ನಡ ಬರುತ್ತದೆ, ಹೊಣೆ ಹೊರುವಾಗ ಮರೆತುಹೋಗುತ್ತದೆ. ಶಕ್ತಿ ಯೋಜನೆಯಲ್ಲಿ ಉಚಿತವಾಗಿ ಓಡಾಡಿ ಉಳಿಸಿದ ಬಸ್ ಚಾರ್ಜು ಹೀಗೆ ಸದ್ದಿಲ್ಲದೆ ಹೋಗುತ್ತಿತ್ತು. ಹದಿಮೂರರ ಪಟ್ಟಿಯಲ್ಲಿ ಇದಕ್ಕೊಂದು ಇಂಗ್ಲಿಷ್ ಹೆಸರಿದೆ, ಅಕ್ಕನಿಗೆ ಹೇಳಲು ನಮ್ಮಲ್ಲಿ ಕನ್ನಡದ ಹೆಸರಿಲ್ಲ. ಉರುಳು ಎಂದೆ, ಅರ್ಥವಾಯಿತು. 2023ರ ಮಾರ್ಚಿನಲ್ಲಿ ನಂದಿನಿ ಮೊಸರಿನ ಪೊಟ್ಟಣದ ಮೇಲೆ ‘ದಹಿ’ ಎಂದು ಬರೆಯಬೇಕೆಂಬ ನಿರ್ದೇಶನ ಬಂದಾಗ ನಾಡು ಸಿಡಿದು, ಕೆಲವೇ ದಿನಗಳಲ್ಲಿ ಅದು ಬದಲಾಯಿತು. ಆ ಸಿಟ್ಟು ಸರಿಯಾದದ್ದೇ. ಪೊಟ್ಟಣದ ಮುಂಭಾಗದ ಒಂದು ಪದಕ್ಕೆ ಅಷ್ಟು ದನಿ ಎತ್ತಿದ ನಾವು ಅದರ ಹಿಂಭಾಗದ ಸಣ್ಣಕ್ಷರಕ್ಕೆ, ಆ್ಯಪಿನ ಷರತ್ತುಗಳಿಗೆ, ಸಾಲದ ಕರಾರಿಗೆ ಕನ್ನಡ ಕೇಳುವುದು ಯಾವಾಗ?

ನಮ್ಮ ಮೇಷ್ಟ್ರುಗಳ ಕಡೆಯಿಂದ ಬರುವ ಉತ್ತರ ನನಗೆ ಗೊತ್ತು. ಸಿಲಬಸ್ ನಾವು ಮಾಡಿದ್ದಲ್ಲ, ಪ್ರಶ್ನೆಪತ್ರಿಕೆ ನಮ್ಮ ಕೈಯಲ್ಲಿಲ್ಲ, ನಿಮಗೆ ಕೆಲಸ ಸಿಗಬೇಕು, ಕಂಪನಿಗಳು ಕೇಳುವುದು ಇದನ್ನೇ. ಮೊದಲ ಎರಡು ಮಾತು ನಿಜ. ವರ್ಷ ವರ್ಷ ಅರ್ಜಿ ಹಾಕಿ ಕೆಲಸ ಉಳಿಸಿಕೊಳ್ಳುವ ಅತಿಥಿ ಉಪನ್ಯಾಸಕರಿಂದ ಸಿಲಬಸ್ ವಿರುದ್ಧ ದಂಗೆ ನಿರೀಕ್ಷಿಸುವುದು ನ್ಯಾಯವಲ್ಲ. ಮೂರನೆಯ ಮಾತು ಮಾತ್ರ ನಿಲ್ಲುವುದಿಲ್ಲ. ಐದು ಅಂಕದ ಟಿಪ್ಪಣಿ ಬರೆದ ನಮ್ಮ ಹಿರಿಯರು ಎಲ್ಲಿ ಕೆಲಸ ಮಾಡುತ್ತಿದ್ದಾರೆ? ಅಕ್ಕಿ ಮಿಲ್ಲಿನ ಲೆಕ್ಕ ಬರೆಯುತ್ತಾರೆ, ಗಣಿ ಕಂಪನಿಯ ತೂಕದ ಚೀಟಿ ಕಾಯುತ್ತಾರೆ, ಹಂಪಿಯ ಹೋಂಸ್ಟೇ ನಡೆಸುತ್ತಾರೆ, ಮಹಿಳಾ ಸಂಘದ ಸಾಲದ ಪುಸ್ತಕ ಹಿಡಿಯುತ್ತಾರೆ. ಕಾಫಿ ಅಂಗಡಿಯ ಕತೆ ಇವರಲ್ಲಿ ಯಾರಿಗೂ ಕೆಲಸಕ್ಕೆ ಬಂದಿಲ್ಲ. 26 ಕೆ.ಜಿ. ಚೀಲದ ಕತೆ, ಇ-ಹರಾಜಿನ ಕತೆ, ಜಿಐ ನೋಂದಣಿಯ ಅರ್ಜಿ ಎಲ್ಲರಿಗೂ ಬರುತ್ತಿತ್ತು. ಸ್ಥಳೀಯವಾದದ್ದನ್ನು ಕಲಿಸುವುದು ಭಾವುಕತೆಯಲ್ಲ, ಹೊಟ್ಟೆಪಾಡಿನ ವಿದ್ಯೆ.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಹೊಸ ವಿಶ್ವವಿದ್ಯಾಲಯ ಬೇಡ, ಹೊಸ ಪಠ್ಯವೂ ಬೇಡ. ಕೊನೆಯ ಘಟಕ ಹಾಗೇ ಇರಲಿ, ಪ್ರಶ್ನೆ ಬದಲಾಗಲಿ. ‘ಹಸಿರು ಮಾರ್ಕೆಟಿಂಗಿನ ಅನುಕೂಲ ಬರೆಯಿರಿ’ ಎನ್ನುವ ಬದಲು ‘ನಿಮ್ಮ ಮನೆಗೆ ಬರುವ ಯಾವುದಾದರೂ ಒಂದು ಪೊಟ್ಟಣದ ಮೇಲಿನ ಪರಿಸರದ ಹೇಳಿಕೆಯನ್ನು 2024ರ ಮಾರ್ಗಸೂಚಿಗೆ ಹಿಡಿದು ನೋಡಿ’ ಎನ್ನಲಿ. ‘ಬೆಲೆ ನಿರ್ಧಾರದ ವಿಧಾನಗಳು’ ಎನ್ನುವ ಬದಲು ‘ಕಂಪ್ಲಿಯ ಕಣದಿಂದ ಹೊಸಪೇಟೆಯ ಅಂಗಡಿಯವರೆಗೆ ಒಂದು ಚೀಲ ಭತ್ತದ ಬೆಲೆ ಹೇಗೆ ಬೆಳೆಯಿತು, ಬೆಳೆದವನಿಗೆ ಎಷ್ಟು ಉಳಿಯಿತು’ ಎನ್ನಲಿ. ಪ್ರಾಜೆಕ್ಟಿಗೆ ಮೊಬೈಲ್ ಬ್ರಾಂಡಿನ ಬದಲು ಒಂದು ತಾಂಡಾ, ಒಂದು ಸಂತೆ, ಒಂದು ಮಿಲ್ಲು ಕೊಡಲಿ. ವರದಿಯ ಒಂದು ಪ್ರತಿ ಕನ್ನಡದಲ್ಲಿದ್ದು, ಯಾರ ಬಗ್ಗೆ ಬರೆದೆವೋ ಅವರ ಕೈಗೂ ಹೋಗಲಿ.

ಸಿಲಬಸ್ ಸಮಿತಿ ಇದನ್ನು ಕೇಳಲಿ ಬಿಡಲಿ, ಮೊಬೈಲಿನ ಪೈ ಚಾರ್ಟು ಕಟ್ಟಿಕೊಟ್ಟ ಮೇಲೆ ನಾನೂ ಗೆಳತಿಯೂ ಇನ್ನೊಂದು ನೋಟ್‌ಬುಕ್ ತೆಗೆದಿದ್ದೇವೆ. ಅಂಕ ಬರುವುದಿಲ್ಲ. ಅದರಲ್ಲಿ ಯಾಡಿ ಹೊಲಿದ ಪ್ರತಿ ತುಂಡಿಗೆ ಹಿಡಿದ ಗಂಟೆ, ದಾರ ಕನ್ನಡಿಯ ಖರ್ಚು, ಸಿಕ್ಕ ಕೂಲಿ, ಗೊತ್ತಾದರೆ ಮಳಿಗೆಯ ಬೆಲೆ ಬರೆಯುತ್ತಿದ್ದೇವೆ. ತಾಂಡಾದ ಇನ್ನೂ ಆರು ಜನ ತಮ್ಮದನ್ನೂ ಬರೆಯಿರಿ ಎಂದಿದ್ದಾರೆ. ಮುಂದಿನ ಸಲ ಮಧ್ಯವರ್ತಿ ಬಂದಾಗ ಈ ನೋಟ್‌ಬುಕ್ ಮುಂದಿಟ್ಟುಕೊಂಡೇ ಮಾತಾಡುವುದಾಗಿ ಯಾಡಿ ಹೇಳಿದ್ದಾರೆ.